ಮಲೆನಾಡಿನ ತುರ್ತುಸೇವೆಗೆ ಹೊಣೆ ಯಾರು?

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಲು ಅಡಿಕೆ ಮರವೇರಿದ ಕೊನೆಗೌಡ ಕೈಜಾರಿ ಬಿದ್ದರೆ, ಸೊಪ್ಪು ತರಲು ಬೆಟ್ಟಕ್ಕೆ ಹೋದ ಮಹಿಳೆಗೆ ಕೊಳಕುಮಂಡಲ ಕಚ್ಚಿದರೆ, ಜೀವ ಉಳಿಯುವುದು ವಾಹನ ಎಷ್ಟು ಹೊತ್ತಿಗೆ ಬಂದೀತು ಎಂಬುದರ ಮೇಲೆ. ಆ ಹೊತ್ತಿಗೆ ಉತ್ತರದಾಯಿ ಯಾರು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

108 ‘ಆರೋಗ್ಯ ಕವಚ’ ರಾಜ್ಯದಲ್ಲಿ ಆರಂಭವಾದದ್ದು 2008ರ ನವೆಂಬರಿನಲ್ಲಿ. ಹಣ ಸರ್ಕಾರದ್ದು, ನಿರ್ವಹಣೆ ಖಾಸಗಿ ಸಂಸ್ಥೆಯದು. ಅದು ಅನೇಕ ಜೀವಗಳನ್ನು ಉಳಿಸಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ 2022ರ ಸೆಪ್ಟೆಂಬರಿನಲ್ಲಿ ಕರೆಕೇಂದ್ರದ ತಾಂತ್ರಿಕ ವ್ಯವಸ್ಥೆ ಕೈಕೊಟ್ಟಾಗ ರಾಜ್ಯದಾದ್ಯಂತ ಸೇವೆ ಅಸ್ತವ್ಯಸ್ತವಾಯಿತು. 2025ರಲ್ಲಿ ಆರೋಗ್ಯ ಇಲಾಖೆಯು ನಿರ್ವಹಣೆಯನ್ನು ತಾನೇ ವಹಿಸಿಕೊಳ್ಳುವುದಾಗಿ ಪ್ರಕಟಿಸಿತು. ಇದು ಸ್ವಾಗತಾರ್ಹ. ಆದರೆ ನಡೆಸುವವರೂ ತಪಾಸಣೆ ಮಾಡುವವರೂ ಒಬ್ಬರೇ ಆದರೆ ಲೋಪವನ್ನು ಎತ್ತಿ ಹೇಳುವವರಾರು?

ಎರಡನೆಯ ಪ್ರಶ್ನೆ ಅಳತೆಗೋಲಿನದು. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡ ಜನಸಂಖ್ಯೆಯನ್ನು ಆಧರಿಸಿದೆ: ಲಕ್ಷ ಜನರಿಗೊಂದು ಸಾಮಾನ್ಯ ಆಂಬುಲೆನ್ಸ್, ಐದು ಲಕ್ಷಕ್ಕೊಂದು ಸುಸಜ್ಜಿತ ಆಂಬುಲೆನ್ಸ್. ಒತ್ತೊತ್ತಾಗಿ ಮನೆಗಳಿರುವ ಬಯಲುಸೀಮೆಗೆ ಇದು ಹೊಂದೀತು. ಕಣಿವೆಗೊಂದು ಮನೆಯಿರುವ ನಮ್ಮಲ್ಲಿ ಜನ ಕಡಿಮೆ, ದಾರಿ ದೂರ. ನಾಡಿಗೆ ವಿದ್ಯುತ್ತು ಕೊಟ್ಟ ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರು ದಶಕಗಳ ಕಾಲ ಲಾಂಚಿಗಾಗಿ ಕಾದರು. ಅಲ್ಲಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ.

ರೋಗಿಗಳ ಕಷ್ಟವನ್ನೇ ಮುಂದೊಡ್ಡಿ ಘಟ್ಟದ ಹೆದ್ದಾರಿಗಳನ್ನು ಅಗಲಿಸಬೇಕೆಂಬ ವಾದವೂ ಉಂಟು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ಜೀವಗಳು ಹೋದವು, ದಾರಿ ದಿನಗಟ್ಟಲೆ ಮುಚ್ಚಿತು. ಚತುಷ್ಪಥದಿಂದ ಹಳ್ಳಿಯ ಕಾಲುಸಂಕ ಗಟ್ಟಿಯಾಗುವುದಿಲ್ಲ. ರಾತ್ರಿ ಹೋಬಳಿಯಲ್ಲೇ ನಿಲ್ಲುವ ಜೀಪು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾವಿನ ವಿಷಕ್ಕೆ ಪ್ರತಿವಿಷ ಇದ್ದರೆ ಹೆಚ್ಚು ಜನ ಬದುಕುತ್ತಾರೆ.

ಆದ್ದರಿಂದ ನಿರ್ವಹಣೆಯಿಂದ ಪ್ರತ್ಯೇಕವಾದ ಮೇಲ್ವಿಚಾರಣಾ ಪ್ರಾಧಿಕಾರವೊಂದು ರಾಜ್ಯಕ್ಕೆ ಬೇಕು. ವಾಹನಗಳ ಹಂಚಿಕೆ ತಲುಪುವ ಸಮಯವನ್ನು ಆಧರಿಸಬೇಕು. ಮಂಗನ ಕಾಯಿಲೆಯ ಬೇಸಿಗೆಗೂ ಮಳೆಗಾಲಕ್ಕೂ ಅವುಗಳ ತಂಗುದಾಣ ಬದಲಾಗಬೇಕು. ಕರೆ ಬಂದ, ವಾಹನ ತಲುಪಿದ ಸಮಯಗಳು ಪ್ರತಿ ತಿಂಗಳು ಗ್ರಾಮ ಪಂಚಾಯಿತಿವಾರು ಪ್ರಕಟವಾಗಬೇಕು. ಹಾವು ಕಡಿತದ ವರದಿಯನ್ನು 2024ರಲ್ಲಿ ರಾಜ್ಯ ಕಡ್ಡಾಯಗೊಳಿಸಿದೆ. ಆ ವರದಿಯಲ್ಲಿಯೇ ಈ ಸಮಯವನ್ನೂ ದಾಖಲಿಸಲು ಹೆಚ್ಚಿನ ವೆಚ್ಚವೇನೂ ಆಗದು.

ಮುಂದಿನ ಗ್ರಾಮಸಭೆಗಳಲ್ಲಿ ಈ ಅಂಕಿಅಂಶಗಳನ್ನು ನಾವೇ ಕೇಳಲು ತೊಡಗೋಣ.