ಎರಡು ತಿಂಗಳ ಗಡುವು, ವರ್ಷಗಟ್ಟಲೆ ಜಗಳ

ಬನಶಂಕರಿಯಲ್ಲಿರುವ ನಮ್ಮಕ್ಕ ಚಟ್ನಿಪುಡಿ ಮಾಡಿ ಮಾರ್ತಾಳೆ. ಅದರ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದ್ದು ನಾನೇ. 'ಆನ್‌ಲೈನ್ ತಾನೆ, ನಾನು ಮಾಡ್ತೀನಿ ಬಿಡು' ಅಂತ ನನ್ನ ಇಮೇಲ್ ಕೊಟ್ಟು, ಇ-ಫೈಲಿಂಗ್ ಶುಲ್ಕ 4,500 ರೂಪಾಯಿ ಕಟ್ಟಿದ್ದೆ. ಅದು ಒಬ್ಬ ವ್ಯಕ್ತಿಗೆ, ಒಂದು ವರ್ಗಕ್ಕೆ ಇರೋ ದರ.

ಆಮೇಲೆ ಒಂದು ಕಂಪನಿ ವಿರೋಧ ಸಲ್ಲಿಸಿತು. ನೋಟಿಸ್ ಬಂದ ಮೇಲ್ ಅನ್ನು ಮೆಟ್ರೊದಲ್ಲಿ ನಿಂತುಕೊಂಡೇ ಓದಿದೆ. 'ವೀಕೆಂಡ್‌ನಲ್ಲಿ ನೋಡೋಣ' ಅಂದುಕೊಂಡೆ. ಆಫೀಸಲ್ಲಿ ರಿಲೀಸ್ ಇತ್ತು, ಮರೆತೇಬಿಟ್ಟೆ.

ನೋಟಿಸ್ ಕೈಸೇರಿದ ಎರಡು ತಿಂಗಳೊಳಗೆ ಪ್ರತಿಹೇಳಿಕೆ ಕೊಡಬೇಕು. ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ ಅನ್ನುತ್ತದೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 21ನೇ ಸೆಕ್ಷನ್. ಎದುರಾಳಿಯ ವಾದ ಸರಿಯೋ ತಪ್ಪೋ ಯಾರೂ ನೋಡಲೇ ಇಲ್ಲ. ಅಕ್ಕ ಸೋತಿದ್ದು ನನ್ನ ಸೋಮಾರಿತನಕ್ಕೆ.

ಮತ್ತೆ 4,500 ಕಟ್ಟಿದ್ದು ಸಣ್ಣ ನಷ್ಟ. ದೊಡ್ಡದು, ಹಳೆಯ ಅರ್ಜಿಯ ದಿನಾಂಕ ಹೋಗಿದ್ದು. ನೋಂದಣಿ ಎಷ್ಟೇ ತಡವಾಗಿ ಸಿಕ್ಕರೂ ಅದು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಆ ದಿನ ಕಳೆದುಕೊಂಡರೆ ಸರದಿಯಲ್ಲಿ ಹಿಂದಕ್ಕೆ ಹೋದ ಹಾಗೆ.

ಗಡುವು ಇಷ್ಟು ಬಿಗಿ ಇದೆ ಅಂತ ಜಗಳ ಬೇಗ ಮುಗಿಯುತ್ತೆ ಅಂದುಕೊಳ್ಳಬೇಡಿ. ನಮ್ಮೂರಿನದೇ ಉದಾಹರಣೆ ನೋಡಿ. ಕೆಎಂಎಫ್ 1985ರಿಂದ 'ನಂದಿನಿ' ಹೆಸರು ಬಳಸುತ್ತಿದೆ. 'ನಂದಿನಿ ಡಿಲಕ್ಸ್' ಹೋಟೆಲ್ 1989ರಿಂದ ಇದೆ. ಹೋಟೆಲಿನ ಅರ್ಜಿಗೆ ಕೆಎಂಎಫ್ ವಿರೋಧಿಸಿತು. 2007ರಲ್ಲಿ ರಿಜಿಸ್ಟ್ರಿಯಲ್ಲಿ ಹೋಟೆಲ್ ಗೆದ್ದಿತು. 2011ರಲ್ಲಿ ಮೇಲ್ಮನವಿ ಮಂಡಳಿ ಅದನ್ನು ತಿರುಗಿಸಿತು. 2014ರಲ್ಲಿ ಹೈಕೋರ್ಟ್‌ನಲ್ಲೂ ಹೋಟೆಲಿಗೆ ಸೋಲು. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟ್, ಹಾಲು ಮತ್ತು ಹಾಲಿನ ಉತ್ಪನ್ನ ಬಿಟ್ಟು ಉಳಿದದ್ದಕ್ಕೆ ಹೋಟೆಲಿನ ಪರ ತೀರ್ಪು ಕೊಟ್ಟಿತು. ಮೊದಲ ಆದೇಶದಿಂದ ಕೊನೆಯದಕ್ಕೆ 11 ವರ್ಷ! ಅಷ್ಟು ವರ್ಷ ವಕೀಲರ ಫೀಸು ಕಟ್ಟೋ ಶಕ್ತಿ ಒಂದು ಚಟ್ನಿಪುಡಿ ಡಬ್ಬಿಗೆ ಎಲ್ಲಿಂದ ಬರಬೇಕು?

ಖರ್ಚು ಕೊಡಿಸೋ ಅಧಿಕಾರ 127ನೇ ಸೆಕ್ಷನ್ ಪ್ರಕಾರ ರಿಜಿಸ್ಟ್ರಾರ್‌ಗೆ ಇದೆ, ನಿಜ. ಆದರೆ ಹೆಸರು ಗಟ್ಟಿಯಾಗದೆ ಅಂಗಡಿಯವರು ಆರ್ಡರ್ ತಡೆಹಿಡಿದ ದಿನಗಳನ್ನು ಯಾವ ಆದೇಶವೂ ವಾಪಸ್ ಕೊಡಲ್ಲ. ತಡ ಮಾಡಿದವರಿಗಿಂತ ಕಾಯುವವರಿಗೇ ಹೊರೆ ಜಾಸ್ತಿ.

ಹಾಗಂತ ನಿಯಮ ಒಂದೇ ಕಡೆಗಿಲ್ಲ. ನಿಮ್ಮ ಪ್ರತಿಹೇಳಿಕೆ ಕೈಸೇರಿದ ಮೇಲೆ ವಿರೋಧಿಗೂ ಸಾಕ್ಷ್ಯ ಕೊಡೋಕೆ ಎರಡೇ ತಿಂಗಳು. 2017ರ ನಿಯಮಗಳ ಪ್ರಕಾರ ವಿಚಾರಣೆ ಮುಂದೂಡಲು ಒಬ್ಬರಿಗೆ ಎರಡೇ ಅವಕಾಶ, ಒಂದೊಂದೂ 30 ದಿನ ಮೀರುವಂತಿಲ್ಲ. ಎದುರಿನವರು ಎಳೆದಾಡಿದರೆ ಇವನ್ನು ಎತ್ತಿ ತೋರಿಸಿ.

ಮನೆಯಲ್ಲಿ ಯಾರಿಗಾದರೂ ನೀವೂ ಹೀಗೆ ಅರ್ಜಿ ಹಾಕಿಕೊಟ್ಟಿದ್ದರೆ, ಇವತ್ತೇ ಆ ಮೇಲ್‌ಬಾಕ್ಸ್ ಮತ್ತು ಅರ್ಜಿಯ ಸ್ಟೇಟಸ್ ನೋಡಿ. ಮೊದಲ ಬಿಲ್ಲು, ಲೇಬಲ್ ಮುದ್ರಿಸಿದ ರಸೀದಿ ಎತ್ತಿಡಿ. ಹೆಸರನ್ನು ಮೊದಲು ಬಳಸಿದ್ದು ನೀವೇ ಅನ್ನೋಕೆ ಅವೇ ಆಧಾರ.

ಅಕ್ಕ 'ಹೋಗ್ಲಿ ಬಿಡೋ' ಅಂದಳು. ಈ ಸಲ ಅರ್ಜಿಯಲ್ಲಿ ಮಾತ್ರ ಅವಳದೇ ಇಮೇಲ್ ಹಾಕಿಸಿದಳು.