ಅಮ್ಮನ ಕಣ್ಣಿನ ಪೊರೆ, ಐಆರ್‌ಪಿ ಕಾರ್ಡಿನ ಸೊನ್ನೆ

ಸಂಘದ ಕಾರ್ಯಕ್ರಮಗಳಲ್ಲಿ ವೈದ್ಯರೆಂಬ ಕಾರಣಕ್ಕೆ ನಮ್ಮನ್ನು ಹುಡುಕಿಕೊಂಡು ಬರುವ ಸದಸ್ಯರು ಹೆಚ್ಚಾಗಿ ಕೇಳುವುದು ತಮ್ಮ ಬಗೆಗಲ್ಲ, ಊರಿನಿಂದ ಬಂದ ತಂದೆತಾಯಿಯರ ಬಗೆಗೆ. “ಅಮ್ಮನಿಗೆ ಪೊರೆ ಬಂದಿದೆ. ಎಚ್‌ಎಸ್‌ಇಯಲ್ಲಿ ಎಷ್ಟು ದಿನ ಕಾಯಬೇಕು, ಡಾಕ್ಟ್ರೇ?” ನಾವು ಮರುಪ್ರಶ್ನೆ ಹಾಕುತ್ತೇವೆ: ಅವರ ಐಆರ್‌ಪಿ ಕಾರ್ಡಿನಲ್ಲಿ ಏನಿದೆ?

ಮಕ್ಕಳೊಡನೆ ನೆಲೆಸಲು ಬಂದ ಅವಲಂಬಿತ ಹಿರಿಯರಿಗೆ ಸಾಮಾನ್ಯವಾಗಿ ದೊರೆಯುವುದು ಸ್ಟಾಂಪ್ 0. ಖಾಸಗಿ ವಿಮೆ ಇರಬೇಕು, ಸರ್ಕಾರಿ ವೆಚ್ಚದ ಸೇವೆಗಳನ್ನು ಬಳಸಕೂಡದು ಎಂಬುದು ಅದರ ಷರತ್ತು. ಸರ್ಕಾರಿ ಆಸ್ಪತ್ರೆಯ ಸರತಿ ಅವರ ಪಾಲಿಗಿಲ್ಲ. ವಿಮೆಯಾದರೂ ನೆರವಾದೀತೆ? ಹೊಸದಾಗಿ ವಿಮೆ ಕೊಂಡವರಿಗೆ ಮೊದಲೇ ಇದ್ದ ಕಾಯಿಲೆಯ ವೆಚ್ಚವನ್ನು ಐದು ವರ್ಷಗಳವರೆಗೆ ಕೊಡದಿರಲು ಇಲ್ಲಿನ ಕಂಪನಿಗಳಿಗೆ ಅವಕಾಶವಿದೆ. ಪೊರೆಯಾದರೋ ವಿಮಾನ ಹತ್ತುವ ಮುನ್ನವೇ ಕಣ್ಣಿನಲ್ಲಿ ಕುಳಿತಿರುತ್ತದೆ. ಉಳಿಯುವುದು ಕೈಯಿಂದ ಹಣ ತೆರುವುದು, ಇಲ್ಲವೆ ಊರಿಗೆ ಮರಳುವುದು.

ಆದ್ದರಿಂದ ವೀಸಾ ಅರ್ಜಿಗೆ ಮುನ್ನವೇ ಕಣ್ಣಿನ ಪರೀಕ್ಷೆಯಾಗಬೇಕೆಂಬುದು ನಮ್ಮ ಅಭಿಪ್ರಾಯ. “ಪೊರೆ ಇನ್ನಷ್ಟು ಬಲಿಯಲಿ” ಎಂಬ ಮಾತು ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ನಡೆಸುತ್ತಿದ್ದ ಕಾಲದ್ದು. ಅಂದು ಮಸೂರ ತೆಗೆದ ಮೇಲೆ ದಪ್ಪ ಗಾಜಿನ ಕನ್ನಡಕವೇ ಗತಿಯಾಗಿತ್ತು. ಇಂದು ಅಲ್ಟ್ರಾಸೌಂಡಿನಿಂದ ಪೊರೆಯನ್ನು ಒಡೆದು ಹೀರಿ, ಕೃತಕ ಮಸೂರ ಕೂರಿಸುತ್ತಾರೆ. ಅತಿಯಾಗಿ ಬಲಿತ ಪೊರೆಯೇ ಅದಕ್ಕೆ ತೊಡಕು. ಓದಲು, ಮೆಟ್ಟಿಲಿಳಿಯಲು ಕಷ್ಟವಾದರೆ ಕಾಲ ಬಂದಿತೆಂದೇ ಅರ್ಥ. “ನನಗೆ ಕಾಣುತ್ತದೆ ಬಿಡಪ್ಪ” ಎನ್ನುವ ಹಿರಿಯರು ಯೂರೋವನ್ನು ರೂಪಾಯಿಗೆ ಗುಣಿಸಿ ಹಾಗೆನ್ನುತ್ತಿರುತ್ತಾರೆ. (ಇಲ್ಲಿನ ಡಿಸೆಂಬರಿನ ಸಂಜೆ ನಾಲ್ಕೂವರೆಯ ಕತ್ತಲಲ್ಲಿ ಅವರನ್ನು ಒಮ್ಮೆ ನಡೆಸಿ ನೋಡಿ.)

ಊರಿನಲ್ಲಿ ಮಾಡಿಸುವುದಾದರೆ ರಜೆಯ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಕಣ್ಣಿನ ಹನಿ ಸುಮಾರು ನಾಲ್ಕು ವಾರ ನಡೆಯುತ್ತದೆ. ಎರಡನೆಯ ಕಣ್ಣಿಗೆ ಸಾಮಾನ್ಯವಾಗಿ ಬೇರೆ ದಿನ. ಎರಡು ತಿಂಗಳು ಕೈಯಲ್ಲಿರಲಿ.

ಐರಿಷ್ ಪೌರರಾಗಿ ಇಲ್ಲಿಯೇ ನೆಲೆಸಿರುವ ಹಿರಿಯರ ದಾರಿ ಬೇರೆ. ಜಿಪಿಯ ಪತ್ರವನ್ನು ಈ ವಾರವೇ ಬರೆಸಿ. ಇಲ್ಲಿ ಸರತಿಗಳು ಎರಡು: ಮೊದಲನೆಯದು ತಜ್ಞರ ಭೇಟಿಗೆ, ಎರಡನೆಯದು ಶಸ್ತ್ರಕ್ರಿಯೆಗೆ. ಬಹುಕಾಲ ಕಾದವರಿಗೆ ಎನ್‌ಟಿಪಿಎಫ್ ನಿಧಿಯಿಂದ ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸುವುದುಂಟು. ನಡುವೆ “ಇನ್ನೂ ಚಿಕಿತ್ಸೆ ಬೇಕೆ?” ಎಂದು ಆಸ್ಪತ್ರೆಯಿಂದ ಕಾಗದ ಬರುತ್ತದೆ. ಉತ್ತರಿಸದಿದ್ದರೆ ಪಟ್ಟಿಯಿಂದ ಹೆಸರು ಹೋಗಬಹುದು.

ಕಾರ್ಕ್, ಕೆರಿಗಳ ಹಿರಿಯರು 2017ರಿಂದ ಬಸ್ಸಿನಲ್ಲಿ ಬೆಲ್‌ಫಾಸ್ಟಿಗೆ ಹೋಗಿ ಪೊರೆ ತೆಗೆಸಿಕೊಂಡದ್ದನ್ನು ಕೇಳಿರಬಹುದು. ಬ್ರೆಕ್ಸಿಟ್ ಬಳಿಕ ಅದಕ್ಕೆ ಉತ್ತರ ಐರ್ಲೆಂಡಿನದೇ ಯೋಜನೆ ಬಂತು: ಮೊದಲು ನಾವು ಹಣ ಕಟ್ಟಿ, ಅನಂತರ ಎಚ್‌ಎಸ್‌ಇಯಿಂದ ಮರಳಿ ಪಡೆಯಬೇಕು. ಸರ್ಕಾರಿ ಚಿಕಿತ್ಸೆಗೆ ಅರ್ಹರಾಗಿಯೂ ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡ ಹಿರಿಯರು ನಮ್ಮ ನಡುವೆ ಇದ್ದಾರೆ. ಅವರಿಗೆ ಅಲ್ಲಿಗೆ ಹೋಗಲು ಬ್ರಿಟನ್ನಿನ ವೀಸಾ ಬೇಕು, ದಾರಿಯಲ್ಲಿ ಗಡಿಯ ಗೇಟು ಕಾಣದಿದ್ದರೂ.