ಬಂಡೆ ಉರುಳುವುದು ಹಣೆಬರಹದಿಂದಲ್ಲ



2022ರ ಮಾರ್ಚ್ 4ರಂದು ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಗುಡ್ಡದ ಕ್ವಾರಿ ಕುಸಿಯಿತು. ಮೂವರು ಸತ್ತರು. ದೂರದ ಉತ್ತರದಿಂದ ಕೂಲಿಗೆ ಬಂದವರು. ಅದೇ ವರ್ಷ ಡಿಸೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಬಿಸಲವಾಡಿ ಕ್ವಾರಿ ಕುಸಿಯಿತು. ಅಲ್ಲೂ ಮೂವರು. ಈ ಸಲ ನಮ್ಮ ಸೀಮೆಯವರೇ. ಹತ್ತು ತಿಂಗಳೊಳಗೆ ಆರು ಹೆಣ.

ಇಂಥ ಸಾವಿನ ಮನೆಯಲ್ಲಿ ಹಿರೀಕರು ಆಡುವ ಮಾತು ಒಂದೇ: ‘ಏನ್ಮಾಡದು ಬುಡಪ್ಪ, ಹಣೇಲಿ ಬರ್ದಿತ್ತು.’ ಇಲ್ಲ, ಹಣೆಯಲ್ಲಿ ಬರೆದಿರಲಿಲ್ಲ. ಬರೆದಿದ್ದದ್ದು ಕಾನೂನಿನಲ್ಲಿ. ಬಂಡೆ ಗಟ್ಟಿಯಿದ್ದರೂ ಅಂಚು ಬೀಳದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಲ್ಲವೇ ಓರೆಯಾಗಿ ಕಡಿಯಬೇಕು, ಒಂದು ಮೆಟ್ಟಿಲು 6 ಮೀಟರ್ ಮೀರಬಾರದು ಎಂದು 1961ರ ಗಣಿ ನಿಯಮಾವಳಿಯೇ ಹೇಳಿತ್ತು. ಕ್ವಾರಿಯವರು ಇದನ್ನು ಬೆಂಚು ಅಂತಾರೆ. ಬೆಂಚು ಇದ್ದರೆ ಮೇಲಿಂದ ಜಾರಿದ ಕಲ್ಲು ನಡುವೆ ನಿಲ್ಲಲು ಒಂದು ಜಾಗ ಇರುತ್ತದೆ. ಇಲ್ಲದಿದ್ದರೆ ನೇರ ಕೆಳಗೆ ಕೊರೆಯುವವನ ತಲೆ ಮೇಲೆ. ಆದರೆ ಬೆಂಚು ಬಿಡಲು ಜಾಗ ಬೇಕು, ದಿನ ಬೇಕು. ಬುಡ ಕೊರೆದರೆ ಲೋಡು ಬೇಗ ತುಂಬುತ್ತದೆ. ಉಳಿದ ದುಡ್ಡು ಧಣಿಯ ಜೇಬಿಗೆ, ಅಪಾಯ ಕೂಲಿಯವನ ನೆತ್ತಿಗೆ.

‘ಹೆಲ್ಮೆಟ್ ಕೊಟ್ಟಿದೀವಲ್ಲ’ ಅಂತಾರೆ. ಲಾರಿ ಗಾತ್ರದ ಬಂಡೆಗೆ ಹೆಲ್ಮೆಟ್ ಏನು ಮಾಡೀತು? ಮೊದಲು ಅಪಾಯವನ್ನೇ ತೆಗೆಯಬೇಕು, ಸಡಿಲ ಕಲ್ಲನ್ನು ಮೇಲಿಂದಲೇ ಕೆಡವಬೇಕು. ಆಮೇಲೆ ಆಳನ್ನು ಅಪಾಯದಿಂದ ದೂರ ಇಡಬೇಕು. ಹೆಲ್ಮೆಟ್ಟು ಕಟ್ಟಕಡೆಗೆ. ದೂಳಿನ ಮಾತೂ ಹಾಗೇ. ನೀರು ಬಿಟ್ಟುಕೊಂಡು ಕೊರೆದರೆ ದೂಳು ಅಡಗುತ್ತದೆ, ಒಣಗಲು ಕೊರೆದರೆ ಎದೆಗೂಡು ಸೇರುತ್ತದೆ. ಸಿಲಿಕೋಸಿಸ್ ಬಂದ ಮೇಲೆ ವಾಸಿಯಾಗುವ ಕಾಯಿಲೆಯಲ್ಲ. ಬಾಯಿಗೆ ಕಟ್ಟಿದ ಟವಲ್ಲು ಅದನ್ನು ತಡೆಯೋದಿಲ್ಲ.

1943ರ ಡಿಸೆಂಬರಿನಲ್ಲಿ, ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು ಧನಬಾದ್ ಸೀಮೆಯ ಕಲ್ಲಿದ್ದಲು ಗಣಿಯೊಳಕ್ಕೆ ತಾವೇ ಇಳಿದು ನೋಡಿದರು. ಅವರ ಪಟ ಹಾಸ್ಟೆಲಿನ ಗೋಡೆಗೆ ಹಾಕಿಕೊಂಡ ನಾವು ನಮ್ಮೂರ ಗುಡ್ಡದ ಗುಂಡಿ ನೋಡಿದ್ದೇವೆಯೆ?

ರಜಕ್ಕೆ ಊರಿಗೆ ಹೋದಾಗ ಅಪ್ಪ ಅವ್ವ ದುಡಿಯುವ ಜಾಗ ನೋಡಿ ಬನ್ನಿ. ಗೋಡೆ ಎಷ್ಟೆತ್ತರ? ಬೆಂಚು ಇದೆಯೆ? ಹಾಜರಿ ಪುಸ್ತಕದಲ್ಲಿ ಹೆಸರಿದೆಯೆ? ಹೆಸರಿಲ್ಲದವನು ಸತ್ತರೆ ‘ಇವನು ನಮ್ಮ ಆಳೇ ಅಲ್ಲ’ ಅನ್ನಲು ಎಷ್ಟು ಹೊತ್ತು? 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸುರಕ್ಷತಾ ಸಂಹಿತೆಯ ಪ್ರಕಾರ ಕೆಲಸಗಾರನಿಗೆ ನೇಮಕಾತಿ ಪತ್ರ ಕೊಡಲೇಬೇಕು. ಪ್ರಾಣಾಪಾಯ ಕಂಡರೆ ಮಾಲೀಕನಿಗೂ ಸರ್ಕಾರದ ಇನ್ಸ್‌ಪೆಕ್ಟರಿಗೂ ಒಟ್ಟಿಗೇ ತಿಳಿಸುವ ಹಕ್ಕು ಅವನಿಗಿದೆ.

ಹಕ್ಕು ಇದೆ, ಬರೆಯೋ ಕೈ ಬೇಕು. ಆ ಕೈ ನಮ್ಮದು. ಕಲ್ಲು ಹೊತ್ತು ನಮಗೆ ಅಕ್ಷರ ಕೊಡಿಸಿದವರಿಗಾಗಿ ಒಂದು ಪುಟದ ಅರ್ಜಿ ಬರೆಯಲಾಗದಿದ್ದರೆ ಈ ಡಿಗ್ರಿ ಯಾಕೆ? ಸತ್ತ ಮೇಲೆ ಪರಿಹಾರಕ್ಕೆ ಬರೆಯೋದು ಇದ್ದೇ ಇದೆ. ಬಂಡೆ ಬೀಳೋ ಮೊದಲು ಬರೆಯೋಣ.